ಕಾಣದ ನೀರಿನ ಲೆಕ್ಕ

ಹಿಂದೂಪುರದ ಸೀಮೆಯಲ್ಲಿ ಹರಿಯುವ ಪೆನ್ನೆಯೂ, ಕಲ್ಯಾಣದುರ್ಗದ ಸೀಮೆಯನ್ನು ಸವರಿಕೊಂಡು ಹೋಗುವ ವೇದಾವತಿ ಹಗರಿಯೂ ಕೊನೆಗೆ ಸೇರುವುದು ಒಂದೇ ಸಮುದ್ರವನ್ನು. ಪೆನ್ನೆ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಪರಿಗಿಯ ಬಳಿ ಜಯಮಂಗಲಿಯನ್ನು ಕೂಡಿಕೊಂಡು, ನೆಲ್ಲೂರನ್ನು ದಾಟಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಹಗರಿಯ ನೀರು ಭೈರವಾನಿತಿಪ್ಪೆಯ ಕಟ್ಟೆಯನ್ನು ಹಾದು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೃಷ್ಣೆಯೊಡನೆ ಅದೇ ಕೊಲ್ಲಿಗೆ ಹೋಗುತ್ತದೆ. ನಮ್ಮ ಹೊಲದಿಂದ ಹೊರಟ ನೀರು ಸೇರುವ ಆ ಸಮುದ್ರವನ್ನು ನಮ್ಮಲ್ಲಿ ಬಹುಮಂದಿ ಕಂಡವರಲ್ಲ. ಆದರೂ ಅದರ ದಡದಲ್ಲಿ ಈಚಿನ ವರ್ಷಗಳಲ್ಲಿ ನಡೆಯುತ್ತಿರುವ ಒಂದು ಕೆಲಸಕ್ಕೂ ನಮ್ಮ ಬೋರು ಬಾವಿಗಳಿಗೂ ಹತ್ತಿರದ ಸಂಬಂಧವಿದೆ. ಅದನ್ನು ಈ ವಾರ ಓದುಗರ ಮುಂದಿಡುತ್ತೇವೆ.

ಕಡಲಿನ ಮೇಲೊಂದು ಕಾವಲು

ಸಮುದ್ರದ ನೀರೂ ಕೆಡುತ್ತದೆ. ಪಟ್ಟಣಗಳ ಕೊಳೆ, ಕಾರ್ಖಾನೆಗಳ ಹೊಲಸು, ಹೊಲಗಳಿಂದ ತೊಳೆದುಹೋದ ರಸಗೊಬ್ಬರ, ಇವೆಲ್ಲ ನದಿಗಳ ಮೂಲಕ ದಡಕ್ಕೆ ಬಂದು ಸೇರುತ್ತವೆ. ಗೊಬ್ಬರದ ಸಾರವುಂಡ ಪಾಚಿ ಒಮ್ಮೆಲೇ ಹೆಚ್ಚಿ, ಸತ್ತು ಕೊಳೆಯುವಾಗ, ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಮುಗಿಸಿಬಿಡುತ್ತದೆ. ಆಗ ಮೀನು ಸಾಯುತ್ತದೆ, ಬೆಸ್ತರ ಬಲೆ ಬರಿದಾಗುತ್ತದೆ. ಇದನ್ನು ಗಮನಿಸಲೆಂದು ಭಾರತ ಸರ್ಕಾರ ೧೯೯೧ರಲ್ಲಿಯೇ ಒಂದು ಯೋಜನೆಯನ್ನು ಆರಂಭಿಸಿತು. ದೋಣಿಯಲ್ಲಿ ಹೋಗಿ, ಗೊತ್ತುಮಾಡಿದ ಸ್ಥಳಗಳಲ್ಲಿ ಸೀಸೆಗಳಿಗೆ ನೀರು ತುಂಬಿ, ಪ್ರಯೋಗಶಾಲೆಗೆ ತಂದು ಪರೀಕ್ಷಿಸುವ ಕ್ರಮ ಅದು. ಒಳ್ಳೆಯ ಕೆಲಸವೇ ಸರಿ. ಆದರೆ ಫಲಿತಾಂಶ ಕೈಗೆ ಬರುವಷ್ಟರಲ್ಲಿ ಸೀಸೆಗೆ ತುಂಬಿದ ನೀರಿದ್ದ ಕಡೆ ಬೇರೆ ನೀರು ಬಂದಿರುತ್ತಿತ್ತು. ನಿನ್ನೆಯ ಸುದ್ದಿ ತಿಳಿಯುತ್ತಿತ್ತು, ಇಂದಿನದು ತಿಳಿಯುತ್ತಿರಲಿಲ್ಲ.

ಈಗ ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರದವರು ಕೊಚ್ಚಿ ಮತ್ತು ವಿಶಾಖಪಟ್ಟಣಗಳ ದಡದಾಚೆ, ಲಂಗರು ಹಾಕಿದ ದೊಡ್ಡ ತೇಲುಬುರುಡೆಗಳನ್ನು ನಿಲ್ಲಿಸಿದ್ದಾರೆ. ಅದರ ಹೊಟ್ಟೆಗೆ ಕಟ್ಟಿರುವ ಸೆನ್ಸಾರುಗಳು ನೀರಿನ ಬಿಸುಪು, ಉಪ್ಪು, ಕದಡು, ಹುಳಿ-ಕ್ಷಾರದ ಗುಣ, ಪಾಚಿಯ ಹಸಿರು, ಕರಗಿದ ಪ್ರಾಣವಾಯು ಮುಂತಾದವನ್ನು ತಾವಾಗಿ ಅಳೆದು, ಮನುಷ್ಯರ ಕೈ ಸೋಕದೆ, ದಡದ ಕಚೇರಿಗೆ ಅಂಕಿಗಳನ್ನು ಕಳಿಸುತ್ತವೆ. ನೀರು ಕೆಡಲು ತೊಡಗಿದ ಹೊತ್ತಿಗೇ ಸುದ್ದಿ ಬರುತ್ತದೆ.

ನೆಲ್ಲೂರು, ಭೀಮವರಂ ಕಡೆಯ ಸಿಗಡಿ ಸಾಕುವವರಿಗೆ ಈ ಹೊತ್ತಿನ ಬೆಲೆ ಚೆನ್ನಾಗಿ ಗೊತ್ತು. ಕೊಳದ ನೀರಿನಲ್ಲಿ ಹಗಲೆಲ್ಲ ಪಾಚಿ ಪ್ರಾಣವಾಯುವನ್ನು ಬಿಡುತ್ತದೆ. ರಾತ್ರಿ ಪಾಚಿಯೂ ಸಿಗಡಿಯೂ ಕೂಡಿ ಅದನ್ನೇ ಉಸಿರಾಡುತ್ತವೆ. ಆದ್ದರಿಂದ ಕೋಳಿ ಕೂಗುವ ಮೊದಲಿನ ಜಾವದಲ್ಲಿ ನೀರಿನ ಪ್ರಾಣವಾಯು ಅತಿ ಕಡಿಮೆ. ಅದು ಲೀಟರಿಗೆ ೪-೫ ಮಿಲಿಗ್ರಾಮಿನಿಂದ ಕೆಳಗಿಳಿಯುವುದು ಆಗಲೇ ತಿಳಿದರೆ ಗಾಳಿ ಬೆರೆಸುವ ಚಕ್ರಗಳನ್ನು ತಿರುಗಿಸಿ ಕೊಳವನ್ನು ಉಳಿಸಿಕೊಳ್ಳಬಹುದು. ಬೆಳಗಾದ ಮೇಲೆ ತಿಳಿದರೆ ಸತ್ತ ಸಿಗಡಿಯನ್ನು ಗೋರುವುದಷ್ಟೇ ಉಳಿದ ಕೆಲಸ. ಅಳತೆ ಸರಿಯಾಗಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ಈ ಮಾತನ್ನು ಹಿಡಿದುಕೊಂಡು ನಾವು ನಮ್ಮ ಸೀಮೆಗೆ ಬರೋಣ.

ಕೆರೆ ಕಾಣುತ್ತಿತ್ತು, ಬೋರು ಕಾಣದು

ನಮ್ಮ ಹಿರಿಯರಿಗೆ ನೀರಿನ ಲೆಕ್ಕ ಹೊಸದಲ್ಲ. ಕೆರೆಯ ತೂಬಿನ ಕಲ್ಲುಕಂಬವನ್ನು ನೋಡಿದರೆ ಎಷ್ಟು ನೀರು ನಿಂತಿದೆಯೆಂದು ಊರಿಗೆಲ್ಲ ತಿಳಿಯುತ್ತಿತ್ತು. ಕೋಡಿ ಬಿದ್ದ ವರ್ಷ ಎಷ್ಟು ಗದ್ದೆಗೆ ನಾಟಿ, ಅರ್ಧ ಕೆರೆಯಾದ ವರ್ಷ ಯಾವ ಬಯಲಿಗೆ ಮಾತ್ರ ನೀರು ಎಂಬುದನ್ನು ಹತ್ತು ಜನ ಕೂತು ತೀರ್ಮಾನಿಸುತ್ತಿದ್ದರು. ಆ ತೀರ್ಮಾನದಂತೆ ನೀರುಗಂಟಿ ತೂಬೆತ್ತಿ ಗದ್ದೆಯಿಂದ ಗದ್ದೆಗೆ ನೀರು ಹಾಯಿಸುತ್ತಿದ್ದ. ಕಪಿಲೆಯ ಕಾಲದಲ್ಲಿ ಬಾವಿಗೆ ಬಗ್ಗಿ ನೋಡಿದರೂ ಸಾಕು, ಮೆಟ್ಟಿಲೆಷ್ಟು ಮುಳುಗಿದೆಯೆಂದು ಲೆಕ್ಕ ಸಿಗುತ್ತಿತ್ತು.

ಬೋರು ಬಂದ ಮೇಲೆ ಈ ಲೆಕ್ಕ ತಪ್ಪಿತು. ಆರಂಗುಲದ ಕೊಳವೆಗೆ ಬಗ್ಗಿ ನೋಡಿದರೆ ಕತ್ತಲೆಯಲ್ಲದೆ ಏನೂ ಕಾಣದು. ಪಂಪು ನೀರೆತ್ತುವವರೆಗೆ ನೀರಿದೆಯೆಂದು ತಿಳಿಯುತ್ತೇವೆ. ಗಾಳಿ ಉಗುಳಿದ ದಿನ ಮುಗಿಯಿತೆಂದು ತಿಳಿಯುತ್ತೇವೆ. ಅಷ್ಟು ಹೊತ್ತಿಗೆ ಕಡಲೆಕಾಯಿ ಹೂವಿಗೆ ಬಂದಿರುತ್ತದೆ, ಬೀಜಕ್ಕೂ ಗೊಬ್ಬರಕ್ಕೂ ತಂದ ಸಾಲ ಲೇವಾದೇವಿಯವನ ಪುಸ್ತಕದಲ್ಲಿ ಬರೆದಿರುತ್ತದೆ. ಪೈರನ್ನು ಉಳಿಸಬೇಕೆಂದು ಇನ್ನೊಂದು ಬೋರು, ಅದಕ್ಕೆ ಇನ್ನೊಂದು ಸಾಲ. ವರ್ಷಕ್ಕೆ ಸುಮಾರು ೫೫೦ ಮಿಲಿಮೀಟರು ಮಳೆ ಕಾಣುವ ನಮ್ಮ ಸೀಮೆಯಲ್ಲಿ ಹೊಲ ಕಳೆದುಕೊಂಡ ಎಷ್ಟೋ ಮನೆಗಳ ಕಥೆ ಇದೇ.

ನಮ್ಮ ನೆಲದ ಅಡಿಯಲ್ಲಿರುವುದು ಕಗ್ಗಲ್ಲು. ಕಲ್ಲು ಕೊಳೆತು ಸಡಿಲವಾದ ಮೇಲಿನ ಪದರದಲ್ಲಿಯೇ ನೀರಿನ ಹೆಚ್ಚು ಪಾಲು ನಿಲ್ಲುತ್ತದೆ. ಅದರ ಕೆಳಗೆ ಇರುವುದು ಬಂಡೆಯ ಬಿರುಕುಗಳು ಮಾತ್ರ. ನೀರಿನ ಮಟ್ಟ ಆ ಮೇಲಿನ ಪದರವನ್ನು ಬಿಟ್ಟು ಇಳಿಯಿತೆಂದರೆ, ಎಷ್ಟು ಆಳ ಕೊರೆದರೂ ಸಿಕ್ಕುವುದು ಬಿರುಕಿನ ಅದೃಷ್ಟವೇ ಹೊರತು ನೀರಿನ ಖಜಾನೆಯಲ್ಲ.

ಕೊಳವೆಯೊಳಗಿನ ಮಾಪಕ

ಸರ್ಕಾರದ ಅಂತರ್ಜಲ ಇಲಾಖೆಯವರು ನೀರಿನ ಮಟ್ಟವನ್ನು ಬಹುಕಾಲದಿಂದ ಅಳೆಯುತ್ತಿದ್ದಾರೆ. ೧೯೭೦ರಲ್ಲಿ ಸ್ಥಾಪನೆಯಾದ ಕೇಂದ್ರ ಅಂತರ್ಜಲ ಮಂಡಳಿಯ ಕ್ರಮವೆಂದರೆ ವರ್ಷಕ್ಕೆ ನಾಲ್ಕು ಅಳತೆ: ಜನವರಿ, ಬೇಸಿಗೆ, ಆಗಸ್ಟ್ ಮತ್ತು ನವೆಂಬರ್. ವರ್ಷದ ೩೬೫ ದಿನಗಳಲ್ಲಿ ನಾಲ್ಕು ದಿನ ಬಾವಿಯನ್ನು ಇಣುಕಿದಂತಾಯಿತು. ನಡುವೆ ಏನಾಯಿತೆಂಬುದು ಊಹೆಗೆ ಬಿಟ್ಟದ್ದು.

ಈಗ ಆಂಧ್ರ ಪ್ರದೇಶದಲ್ಲಿ ಇಲಾಖೆಯ ಅಳತೆ ಬೋರುಗಳಲ್ಲಿ ತಾನಾಗಿ ಅಳೆಯುವ ಸೆನ್ಸಾರುಗಳನ್ನು ಇಳಿಬಿಟ್ಟಿದ್ದಾರೆ. ಈ ಬೋರುಗಳಿಗೆ ಪೀಜೋಮೀಟರು ಎಂದು ಹೆಸರು. ಇವುಗಳಿಂದ ಯಾರೂ ನೀರೆತ್ತುವುದಿಲ್ಲ, ನೋಡುವುದಕ್ಕೆಂದೇ ಕೊರೆದವು. ಬಾಯಿಗೆ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಿರುವ ಇಂಥ ಕೊಳವೆಯನ್ನು ಕಚೇರಿಯ ಆವರಣದಲ್ಲೋ ಶಾಲೆಯ ಮಗ್ಗುಲಲ್ಲೋ ಓದುಗರು ಕಂಡಿರಬಹುದು.

ಅದು ಕೆಲಸ ಮಾಡುವ ಬಗೆ ಸರಳವಾದದ್ದು. ಬಾವಿಗೆ ಇಳಿದು ಮುಳುಗಿದವನಿಗೆ ಆಳ ಹೆಚ್ಚಿದಂತೆ ಕಿವಿ ಅದುಮಿದಂತಾಗುತ್ತದೆಯಷ್ಟೆ. ಅದೇ ಒತ್ತಡವನ್ನು ಈ ಸೆನ್ಸಾರು ಅಳೆಯುತ್ತದೆ. ಹತ್ತು ಮೀಟರು ನೀರಿನ ಕಂಬ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ಭಾರ ಹಾಕುತ್ತದೆ. ಸೆನ್ಸಾರನ್ನು ಎಷ್ಟು ಆಳಕ್ಕೆ ಇಳಿಬಿಟ್ಟಿದೆಯೆಂಬುದು ಗೊತ್ತಿರುವುದರಿಂದ, ಅದರ ತಲೆಯ ಮೇಲೆ ಎಷ್ಟು ನೀರಿದೆಯೆಂದು ಕಳೆದರೆ ನೆಲದಿಂದ ನೀರು ಎಷ್ಟು ಕೆಳಗಿದೆಯೆಂಬ ಲೆಕ್ಕ ಸಿಕ್ಕುತ್ತದೆ. ಪೆಟ್ಟಿಗೆಯೊಳಗಿನ ಬ್ಯಾಟರಿಯೂ, ನಮ್ಮ ಕೈಫೋನಿನಲ್ಲಿರುವಂಥದೇ ಒಂದು ಸಿಮ್ಮೂ ಸೇರಿ ದಿನಕ್ಕೆ ಕೆಲವು ಸಾರಿ ಆ ಅಂಕಿಯನ್ನು ಕಳಿಸಿಕೊಡುತ್ತವೆ. ರಾಜ್ಯದ ಜಲಸಂಪನ್ಮೂಲ ಮಾಹಿತಿ ವ್ಯವಸ್ಥೆಯ ಜಾಲತಾಣದಲ್ಲಿ ಈ ಮಟ್ಟಗಳನ್ನೂ ಮಳೆಯ ಅಂಕಿಗಳನ್ನೂ ಒಟ್ಟಿಗೆ ಇಟ್ಟಿರುತ್ತಾರೆ. ೨೦೨೨ರ ಏಪ್ರಿಲಿನಿಂದ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿದಿದೆ. ನೋಡುವವರು ಆಯಾ ಜಿಲ್ಲೆಯ ಹೆಸರಿನಡಿ ಹುಡುಕಬೇಕು. ಅಲ್ಲಿ ಅಂಕಿಗಳಿರುವುದು ತೆಲುಗು, ಇಂಗ್ಲಿಷುಗಳ ನಡುವೆ. ಆದರೆ ಅಂಕಿಗೆ ಭಾಷೆಯ ತೊಡಕಿಲ್ಲ. ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಿಯಾರು.

ಗಡಿಯಾಚೆಯೂ ಇದೇ ದಾರಿ. ಕರ್ನಾಟಕದಲ್ಲಿ ೧೯೮೮ರಲ್ಲಿ ಬರಗಾಲದ ಉಸ್ತುವಾರಿಗೆಂದು ಹುಟ್ಟಿದ ಕೇಂದ್ರವು ಈಗ ಗ್ರಾಮ ಪಂಚಾಯಿತಿಗಳಲ್ಲೆಲ್ಲ ತಾನಾಗಿ ಅಳೆದು ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ೨೦೧೯ರ ಡಿಸೆಂಬರಿನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಗೆ ಆರಿಸಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆಂಧ್ರ ಅದರಲ್ಲಿ ಇರಲಿಲ್ಲ. ನಕ್ಷೆಯ ಗೆರೆ ನೆಲದ ಮೇಲಿನದು. ಗೌರಿಬಿದನೂರು, ಪಾವಗಡಗಳ ಬಂಡೆಯೂ ನಮ್ಮ ಬಂಡೆಯೂ ಒಂದೇ ಹಾಸು.

ಮಟ್ಟ ತಿಳಿದು ಮಾಡುವುದೇನು?

ಅಂಕಿ ಬಂದ ಮಾತ್ರಕ್ಕೆ ಹೊಲ ನೆನೆಯುವುದಿಲ್ಲ. ಅಂಕಿಯನ್ನು ಬಿತ್ತನೆಯ ಲೆಕ್ಕಕ್ಕೆ ತರಬೇಕು. ಒಂದು ಉದಾಹರಣೆ ಕೊಡುತ್ತೇವೆ. ಓದುಗರು ತಮ್ಮ ಊರಿನ ಅಂಕಿ ಹಾಕಿ ನೋಡಿಕೊಳ್ಳಲಿ.

ನಮ್ಮಂಥ ಕಗ್ಗಲ್ಲ ಸೀಮೆಯಲ್ಲಿ ಬಿದ್ದ ಮಳೆಯ ನೂರಕ್ಕೆ ಹತ್ತು ಪಾಲಿನ ಆಸುಪಾಸು ಮಾತ್ರ ಇಂಗಿ ಅಂತರ್ಜಲಕ್ಕೆ ಸೇರುತ್ತದೆ. ೫೫೦ ಮಿಲಿಮೀಟರಿನಲ್ಲಿ ೫೫. ಒಂದು ಎಕರೆಗೆ ಇದು ಸುಮಾರು ೨ ಲಕ್ಷ ೨೦ ಸಾವಿರ ಲೀಟರು. ಸಾವಿರ ಎಕರೆ ಎಲ್ಲೆಯಿರುವ ಊರಿಗೆ ವರ್ಷದ ಆದಾಯ ೨೨ ಕೋಟಿ ಲೀಟರು. ಸಾವಿರ ಜನರಿದ್ದರೆ, ತಲೆಗೆ ದಿನಕ್ಕೆ ೫೫ ಲೀಟರಿನಂತೆ, ಮನೆಬಳಕೆಗೆ ೨ ಕೋಟಿ ಹೋಯಿತು. ಉಳಿದದ್ದು ೨೦ ಕೋಟಿ.

ಇನ್ನು ಖರ್ಚು. ಬೇಸಿಗೆಯ ಕಡಲೆಕಾಯಿ, ಅಂದರೆ ಶೇಂಗಾ, ಪೂರ್ತಿ ಬೋರಿನ ಮೇಲೆ ಬೆಳೆದರೆ ೫೦೦ ಮಿಲಿಮೀಟರು ನೀರು ಬೇಡುತ್ತದೆ: ಎಕರೆಗೆ ೨೦ ಲಕ್ಷ ಲೀಟರು. ಭತ್ತಕ್ಕೆ ೧,೨೦೦ ಮಿಲಿಮೀಟರು: ಎಕರೆಗೆ ೪೮ ಲಕ್ಷಕ್ಕೂ ಮೇಲೆ. ರಾಗಿ ೪೦೦ ಮಿಲಿಮೀಟರಿಗೆ ತೃಪ್ತಿಪಡುತ್ತದೆ: ೧೬ ಲಕ್ಷ. ಅಂದರೆ ಒಂದು ಎಕರೆ ಕಡಲೆಕಾಯಿ ಒಂಬತ್ತು ಎಕರೆಯಲ್ಲಿ ಇಂಗಿದ ನೀರನ್ನು ಕುಡಿಯುತ್ತದೆ. ಒಂದು ಎಕರೆ ಭತ್ತ ಇಪ್ಪತ್ತೆರಡು ಎಕರೆಯದನ್ನು. ಗದ್ದೆಯಲ್ಲಿ ನಿಂತ ನೀರು ಒಂದಿಷ್ಟು ಮತ್ತೆ ಇಂಗುವುದುಂಟು, ಆದರೂ ಲೆಕ್ಕ ಬಹಳ ಬದಲಾಗದು. ನಮ್ಮ ಉದಾಹರಣೆಯ ಊರಿನಲ್ಲಿ ೧೦೦ ಎಕರೆ ಬೇಸಿಗೆ ಕಡಲೆಕಾಯಿ ಇಟ್ಟರೆ ವರ್ಷದ ಆದಾಯ ಪೂರ್ತಿ ಮುಗಿಯಿತು. ನೂರಾ ಐವತ್ತು ಎಕರೆ ಇಟ್ಟರೆ ಗಂಟನ್ನೇ ಕರಗಿಸಿ ಉಂಡಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆ ಎಷ್ಟಿದೆಯೆಂದು ಹೇಳುವುದೇ ಈ ಮಾಪಕದ ಕೆಲಸ.

ರೈತರೇ ಅಳೆದರು

ಇದೆಲ್ಲ ದೊಡ್ಡ ಕಚೇರಿಯವರ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ೨೦೦೩ರಿಂದ ಕೆಲವು ವರ್ಷ, ಅನಂತಪುರವೂ ಸೇರಿ ಅಂದಿನ ಆಂಧ್ರದ ಏಳು ಜಿಲ್ಲೆಗಳ ಆರುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಅಂತರ್ಜಲವನ್ನು ನಿರ್ವಹಿಸುವ ಯೋಜನೆ ನಡೆಯಿತು. ಗಂಡಸರೂ ಹೆಂಗಸರೂ ಹದಿನೈದು ದಿನಕ್ಕೊಮ್ಮೆ ಆರಿಸಿದ ಬೋರುಗಳ ನೀರಿನ ಮಟ್ಟವನ್ನು ಅಳೆದರು. ಊರಿನ ಮಳೆಮಾಪಕವನ್ನು ತಾವೇ ನೋಡಿಕೊಂಡರು. ಅಂಕಿಗಳನ್ನು ಎಲ್ಲರೂ ಕಾಣುವಂತೆ ಗೋಡೆಯ ಹಲಗೆಯ ಮೇಲೆ ಬರೆದರು. ಹಿಂಗಾರು ಬಿತ್ತುವ ಮೊದಲು ಸಭೆ ಕೂಡಿ ಈಗ ನಾವು ಮೇಲೆ ಹಾಕಿದಂಥದೇ ಆದಾಯ-ಖರ್ಚಿನ ಪಟ್ಟಿ ಮಾಡಿದರು.

ಆ ಯೋಜನೆಯಲ್ಲಿ ಇಂಥ ಬೆಳೆಯನ್ನೇ ಇಡು ಎಂದು ಯಾರನ್ನೂ ಬಲವಂತಪಡಿಸಲಿಲ್ಲ, ಹಣದ ಆಸೆಯನ್ನೂ ತೋರಿಸಲಿಲ್ಲ. ಲೆಕ್ಕವನ್ನು ಕಣ್ಣಾರೆ ಕಂಡ ರೈತ ಮನೆಗೆ ಹೋಗಿ ತನ್ನ ಹೊಲದ ಮಾತನ್ನು ತಾನೇ ತೀರ್ಮಾನಿಸಿದ. ನೀರು ಸಾಲದೆಂದು ಕಂಡವರು ಭತ್ತ ಬಿಟ್ಟು ಕಡಿಮೆ ನೀರಿನ ಪೈರಿಗೆ ತಿರುಗಿದ್ದನ್ನು ವಿಶ್ವಬ್ಯಾಂಕಿನ ಪಂಡಿತರೂ ೨೦೧೦ರಲ್ಲಿ ಗಮನಿಸಿ ಬರೆದರು. ಅಂದು ಅವರ ಕೈಯಲ್ಲಿದ್ದುದು ನೀರು ಮುಟ್ಟಿದೊಡನೆ ಕೂಗುವ ಅಳತೆಯ ಟೇಪು, ಅಷ್ಟೆ. ಇಂದು ಸೆನ್ಸಾರು ದಿನವೂ ಅಳೆಯುತ್ತದೆ. ಆದರೆ ಸಭೆ ಕೂಡುವ ಕೆಲಸವನ್ನು ಸೆನ್ಸಾರು ಮಾಡದು. ಟೇಪಿದ್ದ ಊರು ಲೆಕ್ಕ ಹಾಕಿತು. ಸೆನ್ಸಾರಿದ್ದೂ ಯಾರೂ ನೋಡದ ಊರಿಗೆ ಅದರಿಂದ ಬಂದ ಲಾಭವೇನು?

ನೀರಿನ ಗುಣ

ಮಟ್ಟದಷ್ಟೇ ಗುಣವೂ ಮುಖ್ಯ. ಸಮುದ್ರದ ತೇಲುಬುರುಡೆ ಉಪ್ಪನ್ನು ಅಳೆಯುವುದು ನೀರಿನ ಮೂಲಕ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆಂದು ನೋಡಿ. ಉಪ್ಪು ಹೆಚ್ಚಿದಷ್ಟೂ ವಿದ್ಯುತ್ತು ಸಲೀಸು. ಬೋರಿನ ನೀರಿಗೂ ಅದೇ ಪರೀಕ್ಷೆ. ಪೆನ್ನಿನಂತೆ ಜೇಬಿನಲ್ಲಿಡುವ ಮೀಟರುಗಳೂ ಬಂದಿವೆ. ಇದರ ಅಂಕಿಯನ್ನು ಡೆಸಿಸೀಮೆನ್ ಎಂಬ ಮಾನದಲ್ಲಿ ಹೇಳುತ್ತಾರೆ. ಪ್ರಯೋಗಶಾಲೆಯ ಚೀಟಿಯಲ್ಲಿ ಮೈಕ್ರೋಸೀಮೆನ್ ಎಂದಿದ್ದರೆ ಸಾವಿರದಿಂದ ಭಾಗಿಸಿಕೊಳ್ಳಬೇಕು: ೨,೧೦೦ ಎಂದರೆ ೨.೧.

ಆಹಾರ ಮತ್ತು ಕೃಷಿ ಸಂಸ್ಥೆಯ ಪಟ್ಟಿಯಂತೆ ೦.೭ಕ್ಕಿಂತ ಕಡಿಮೆಯಿರುವ ನೀರಿನಿಂದ ಯಾವ ಪೈರಿಗೂ ಬಾಧೆಯಿಲ್ಲ. ೩ನ್ನು ಮೀರಿದರೆ ಗಂಡಾಂತರ. ನಡುವೆ ಪೈರು ನೋಡಿ ಹಾಯಿಸಬೇಕು. ಇಳುವರಿ ಕುಂದದಂತೆ ಹುರುಳಿಕಾಯಿ ಸಹಿಸುವುದು ೦.೭ರವರೆಗೆ, ಟೊಮೇಟೊ ೧.೭, ಭತ್ತ ೨.೦, ಕಡಲೆಕಾಯಿ ೨.೧, ಜೋಳ ೪.೫ರವರೆಗೆ. ಕಡಲೆಕಾಯಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ೨.೧ರವರೆಗೆ ಸುಮ್ಮನಿರುವ ಈ ಪೈರು ೨.೭ಕ್ಕೆ ಕಾಲುಭಾಗ ಇಳುವರಿ ಕಳೆದುಕೊಂಡು, ೩.೩ಕ್ಕೆ ಅರ್ಧಕ್ಕೆ ಬೀಳುತ್ತದೆ. ಕಾಯಿ ಕಟ್ಟದ ವರ್ಷ ಬೀಜವನ್ನೂ ರೋಗವನ್ನೂ ಬೈಯುವ ಮೊದಲು ನೀರನ್ನು ಒಮ್ಮೆ ಪರೀಕ್ಷಿಸುವುದು ಲೇಸು.

ಆದರೆ ಈ ಮೀಟರು ಎಲ್ಲವನ್ನೂ ಕಾಣುವುದಿಲ್ಲ. ಮಣ್ಣನ್ನು ಬಿರುಸು ಮಾಡುವ ಸೋಡಿಯಂ ಎಷ್ಟು ಎಂಬುದನ್ನು ಪ್ರಯೋಗಶಾಲೆಯಲ್ಲಿಯೇ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕುಡಿಯುವ ನೀರಿನ ಫ್ಲೋರೈಡನ್ನು ಅದು ಕಾಣದು. ನಮ್ಮ ಬಂಡೆಯ ಖನಿಜಗಳಿಂದ ಕರಗಿ ಬರುವ ಈ ವಸ್ತುವಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಬಂಡೆಯೊಡನೆ ಬಹುಕಾಲ ಇದ್ದ ಆಳದ ನೀರಿನಲ್ಲಿ ಇದು ಹೆಚ್ಚಿರುವುದುಂಟು. ಭಾರತೀಯ ಮಾನಕದಂತೆ ಲೀಟರಿಗೆ ೧ ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ ೧.೫ರವರೆಗೆ ಒಪ್ಪಬಹುದು. ಮೀರಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ, ವರ್ಷಗಳು ಕಳೆದಂತೆ ಕೀಲು ಬಿಗಿತ, ಬೆನ್ನು ಬಾಗುವಿಕೆ. ಬಾಗಿದ ಮೂಳೆ ಔಷಧಕ್ಕೆ ನೆಟ್ಟಗಾಗದು. ನೀರನ್ನು ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ. ಆವಿ ಹೋದಷ್ಟೂ ಗಟ್ಟಿಯಾಗುತ್ತದೆ. ಆದ್ದರಿಂದ ಊರಿಗೆ ಹೊಸ ಬೋರು ಹಾಕಿಸಿದಾಗ ನೀರು ಸಿಹಿಯೆಂದು ಹಿಗ್ಗಿ ಕುಡಿಯುವ ಮೊದಲು ಪರೀಕ್ಷೆ ಮಾಡಿಸಲೇಬೇಕು. ೨೦೧೯ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ಪೆಟ್ಟಿಗೆಯನ್ನು ಬಳಸಲು ಕಲಿಸಬೇಕೆಂದಿದೆ. ನಮ್ಮೂರಿನ ಆ ಐವರು ಯಾರು ಎಂದು ಪಂಚಾಯಿತಿಯಲ್ಲಿ ಕೇಳುವುದು ಪ್ರತಿ ತಾಯಿಯ ಹಕ್ಕು.

ಊರವರು ಮಾಡಬೇಕಾದ್ದು

ಒಂದು: ನಮ್ಮ ಊರಿಗೆ ಹತ್ತಿರದ ಪೀಜೋಮೀಟರು ಎಲ್ಲಿದೆಯೆಂದು ಅಂತರ್ಜಲ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಅದರ ಪೆಟ್ಟಿಗೆಯನ್ನು ಹುಡುಗರು ಕಲ್ಲೆಸೆದು ಕೆಡಿಸದಂತೆ ನೋಡಿಕೊಳ್ಳಿ.

ಎರಡು: ತಿಂಗಳಿಗೊಮ್ಮೆ ಅದರ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಸಿರಿ. ಕಳೆದ ವರ್ಷ ಇದೇ ತಿಂಗಳ ಅಂಕಿಯನ್ನು ಮಗ್ಗುಲಲ್ಲಿಯೇ ಬರೆಸಿರಿ. ಎರಡನ್ನೂ ಹೋಲಿಸಿ ನೋಡಿದಾಗಲೇ ನೀರು ಏರಿತೋ ಇಳಿಯಿತೋ ತಿಳಿಯುವುದು.

ಮೂರು: ಪೀಜೋಮೀಟರು ದೂರವಿದ್ದರೆ ಊರಿನ ನಾಲ್ಕು ಮೂಲೆಯ ನಾಲ್ಕು ಬೋರುಗಳನ್ನು ಆರಿಸಿ ನೀವೇ ಅಳೆಯಿರಿ. ಅಳೆಯುವುದು ಬೆಳಗಿನ ಜಾವ, ಪಂಪು ಹಾಕುವ ಮೊದಲು. ಪಂಪು ಓಡುವಾಗ ಮಟ್ಟ ಕುಸಿದಿರುತ್ತದೆ. ರಾತ್ರಿ ವಿರಮಿಸಿದ ನೀರಿನ ಮಟ್ಟವೇ ನಿಜವಾದ ಮಟ್ಟ. ಹಗ್ಗವಾಗಲಿ ಟೇಪಾಗಲಿ ಪಂಪಿನ ಕೊಳವೆಗೆ ಸುತ್ತಿಕೊಳ್ಳದಂತೆ, ಅಳತೆಗೆಂದೇ ಒಂದು ಸಣ್ಣ ಪೈಪನ್ನು ಪಕ್ಕದಲ್ಲಿ ಇಳಿಬಿಟ್ಟಿರುವುದು ಒಳ್ಳೆಯದು.

ನಾಲ್ಕು: ನಮ್ಮ ಸೀಮೆಗೆ ಹೆಚ್ಚಿನ ಮಳೆ ಬರುವುದು ಸೆಪ್ಟೆಂಬರು, ಅಕ್ಟೋಬರಿನಲ್ಲಿ. ಆದ್ದರಿಂದ ಹಸ್ತ, ಚಿತ್ತೆ ಮಳೆ ಕಳೆದು ಸ್ವಾತಿ ಹುಟ್ಟುವ ಹೊತ್ತಿಗೆ, ಬೋರಿನ ಕೆಳಗೆ ಬಿತ್ತನೆಯ ಬೀಜ ಕೊಳ್ಳುವ ಮೊದಲು, ಊರಿನ ಲೆಕ್ಕದ ಸಭೆ ಕೂಡಲಿ. ಬೀಜ ತಂದ ಮೇಲೆ ಮಾಡಿದ ಸಭೆಯಿಂದ ಪ್ರಯೋಜನವಿಲ್ಲ.

ಐದು: ಹೊಸ ಬೋರು ಕೊರೆಸುವ ಯೋಚನೆಯಿದ್ದವರು ಮೊದಲು ಗೋಡೆಯ ಅಂಕಿಯನ್ನು ನೋಡಲಿ. ಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಹೊಸ ಬೋರು ಹೊಸ ನೀರನ್ನು ತರುವುದಿಲ್ಲ, ನೆರೆಯವನ ನೀರನ್ನು ಹಂಚಿಕೊಳ್ಳುತ್ತದೆ. ಬೋರಿಗೆ ಸುರಿಯುವ ಹಣದಲ್ಲಿ ಒಂದು ಕೃಷಿಹೊಂಡ, ಹೊಲದ ಬದು, ಹನಿ ನೀರಾವರಿಯ ಪೈಪು ಆದೀತೇ ಎಂದು ಮನೆಯವರೊಡನೆ ಕೂತು ಯೋಚಿಸಲಿ.

ಆರು: ರಸಗೊಬ್ಬರವನ್ನು ಪೈರಿಗೆ ಬೇಕಾದಷ್ಟೇ ಹಾಕಿರಿ. ಹೆಚ್ಚಾದದ್ದು ನಮ್ಮದೇ ಬೋರಿಗೆ ನೈಟ್ರೇಟಾಗಿ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ ೪೫ ಮಿಲಿಗ್ರಾಂ. ಅಲ್ಲಿ ಇಳಿಯದೆ ಉಳಿದದ್ದು ಹಳ್ಳ ಹಿಡಿದು ಪೆನ್ನೆಗೋ ಹಗರಿಗೋ ಸೇರಿ, ಆ ದೂರದ ಕಡಲಿನ ಬೆಸ್ತರ ಪಾಲಿಗೆ ಹೋಗುತ್ತದೆ.

ನೀರುಗಂಟಿಯ ಕೆಲಸ ನಮ್ಮ ಊರುಗಳಲ್ಲಿ ಬಹುಪಾಲು ನಿಂತುಹೋಗಿದೆ. ಕೆರೆಯ ನೀರಿಗೆ ಒಬ್ಬ ಲೆಕ್ಕದವನು ಬೇಕೆಂದು ಕಂಡ ಹಿರಿಯರಿಗೆ ಬುದ್ಧಿಯಿತ್ತು. ಕಾಣದ ನೀರಿಗೆ ಅಂಥ ಲೆಕ್ಕ ಇನ್ನೂ ಹೆಚ್ಚು ಬೇಕು. ಅಳೆಯುವ ಕೆಲಸವನ್ನು ಕೊಳವೆಯೊಳಗಿನ ಸೆನ್ಸಾರು ಮಾಡುತ್ತಿದೆ. ಓದುವುದು, ಹತ್ತು ಜನರನ್ನು ಸೇರಿಸುವುದು, ಈ ಸಾಲಿಗೆ ಇಷ್ಟೇ ಎಕರೆ ಎಂದು ಒಪ್ಪಿ ನಡೆಯುವುದು, ಇವು ಊರವರ ಪಾಲಿನ ಕೆಲಸ. ಬರುವ ಸ್ವಾತಿ ಮಳೆಗೆ ಮೊದಲು ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಹತ್ತು ಊರುಗಳಾದರೂ ಈ ಲೆಕ್ಕಕ್ಕೆ ಕೂತರೆ, ಆ ಬೇಸಿಗೆಯಲ್ಲಿ ಒಣಗಿದ ಪೈರಿನ ಮುಂದೆ ನಿಂತು ಬೋರಿನ ಲಾರಿಗೆ ಕಾಯುವ ಒಕ್ಕಲುಗಳು ಅಷ್ಟಾದರೂ ಕಡಿಮೆಯಾದಾವು.